ನಾದಿನಿ ತಿಂದ ಕಳ್ಳಿ ಹಣ್ಣು

ನಮ್ಮ ಮನೆಯ ಮುಂದೆ ಒಂದು ಕಳ್ಳಿ ಇತ್ತು. ‘ಇತ್ತು’ ಎಂದು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ದೇಶ ಬಿಟ್ಟು ಕಡಲಾಚೆ ಬಂದು ನೆಲೆಸಿದ ಸುಬಾಂಗ್ ಜಯಾದ ನಮ್ಮ ಬೀದಿಯಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಪ್ರತಿ ಮನೆಯ ಮುಂದೆ ಒಂದು ಕಾರು ನಿಲ್ಲುವಷ್ಟು ಸಿಮೆಂಟು, ಅದರ ಪಕ್ಕ ಗೋಡೆಯುದ್ದಕ್ಕೂ ಮೊಳದಗಲ ಮಣ್ಣು. ನಮಗಿಂತ ಮುಂಚೆ ಅಲ್ಲಿದ್ದವರು ಆ ಮಣ್ಣಿನಲ್ಲಿ ನೆಟ್ಟುಹೋದ ಕಳ್ಳಿ ನಾವು ಮನೆ ಕೊಂಡಾಗಲೇ ಆಳೆತ್ತರ ದಾಟಿತ್ತು. ಕೆಲವು ವರ್ಷಗಳಲ್ಲಿ ಮಹಡಿಯ ಕಿಟಕಿಗೆ ಬಂತು. ಎಲೆ ಎನ್ನುವುದೇ ಇಲ್ಲ. ನೀಲಿ ಬೆರೆತ ಹಸಿರಿನ ದಪ್ಪ ಕಂಬಗಳು ಬುಡದಿಂದಲೇ ಕವಲೊಡೆದು ನೆಟ್ಟಗೆ ನಿಂತಿದ್ದವು. ಕಂಬಕ್ಕೆಲ್ಲ ಏಣು, ಏಣಿನ ಮೇಲೆ ಸಾಲಾಗಿ ಮುಳ್ಳು.

ಮನೆಗೆ ಬಂದ ಕನ್ನಡದವರೆಲ್ಲ ಗೇಟಿನ ಹತ್ತಿರವೇ ನಿಂತು ಅದನ್ನು ಕತ್ತೆತ್ತಿ ನೋಡುತ್ತಿದ್ದರು. “ಮನೆ ಮುಂದೆ ಮುಳ್ಳಿನ ಗಿಡಾನಾ? ವಾಸ್ತು ಪ್ರಕಾರ ಇರಬಾರದು ಅಲ್ವಾ?” ಎಂದು ಒಬ್ಬರಾದರೂ ಕೇಳದೆ ಒಳಗೆ ಬಂದದ್ದಿಲ್ಲ. ಕೇಳುವವರೆಲ್ಲ ಓದಿದವರು. ದೊಡ್ಡ ದೊಡ್ಡ ಕಂಪನಿಗಳ ಲೆಕ್ಕ, ಯಂತ್ರ, ಕಂಪ್ಯೂಟರು ನೋಡಿಕೊಳ್ಳುವವರು. ಆದರೆ ಗೇಟು ದಾಟುವಾಗ ಮಾತ್ರ ಓದು ಬರಹವನ್ನೆಲ್ಲ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಾರೆ. “ಇರಲಿ ಬಿಡಿ, ಕಳ್ಳರು ಗೋಡೆ ಹತ್ತಲ್ಲ” ಎಂದು ನಾನು ನಕ್ಕು ಕಾಫಿ ಮಾಡಲು ಹೋಗುತ್ತಿದ್ದೆ.

ನನಗೆ ಕಳ್ಳಿ ಹೊಸದೇನಲ್ಲ. ನಾನು ಚಿತ್ರದುರ್ಗದ ಕಡೆಯವಳು. ನಮ್ಮ ಕಡೆ ಹೊಲದ ಬೇಲಿಗೆ ಹಾಲುಗಳ್ಳಿ ಇರುತ್ತದೆ. ಮುರಿದರೆ ಬೆಳ್ಳಗೆ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಎಂದು ಹೆದರಿಸಿ ನಮ್ಮನ್ನು ಬೆಳೆಸಿದ್ದರು, ಹೆದರಿಸಿದ್ದರಲ್ಲಿ ಸುಳ್ಳೂ ಇರಲಿಲ್ಲ. ಹಾಗಾಗಿ ಇಲ್ಲಿಯ ಈ ಕಂಬದ ಕಳ್ಳಿಯನ್ನೂ ನಾನು ಮೊದಮೊದಲು ಮುಟ್ಟುತ್ತಿರಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಅದು ತಟ್ಟೆಯಗಲದ ಬಿಳಿ ಹೂವು ಬಿಡುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅರಳಿ, ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಜೋತುಬೀಳುತ್ತಿತ್ತು. ಆಮೇಲೆ ಕೆಂಪು ಕಾಯಿಗಳು. ಅವನ್ನು ಮೈನಾಗಳು ಕುಕ್ಕಿ ತಿಂದು ಸಿಪ್ಪೆಯನ್ನು ಕಾರಿನ ಮೇಲೆ ಬೀಳಿಸುತ್ತಿದ್ದವು, ನಾನು ಬೈದುಕೊಂಡು ಒರೆಸುತ್ತಿದ್ದೆ.

ಪಕ್ಕದ ಮನೆಯ ಚೀನೀ ಆಂಟಿಯ ಬಳಿಯೂ ಅಂಥದೇ ಒಂದು ಕಳ್ಳಿ ಇತ್ತು, ಗೋಡೆಯ ಆ ಕಡೆ. ಒಂದು ದಿನ ನಾನು ಕಾರು ಒರೆಸುತ್ತಿದ್ದಾಗ ಅವರು ಗೋಡೆಯ ಮೇಲಿಂದ ತಟ್ಟೆಯೊಂದನ್ನು ಚಾಚಿದರು. ಸೀಳಿದ ಹಣ್ಣು. ಹೊರಗೆ ಗುಲಾಬಿಗೆಂಪು, ಒಳಗೆ ಮಲ್ಲಿಗೆ ಬಿಳುಪು, ಅದರಲ್ಲಿ ಎಳ್ಳಿನಂಥ ಕಪ್ಪು ಬೀಜ.

“ಮಕಾನ್ ಲಾ,” ಎಂದರು. ಇಲ್ಲಿಯ ಮಲಯ್ ಮಾತಿನಲ್ಲಿ ತಿನ್ನು ಎಂದು. “ಯುವರ್ ಟ್ರೀ ಆಲ್ಸೋ ಸೇಮ್. ವೈ ಯು ಗಿವ್ ಆಲ್ ಟು ಬರ್ಡ್?”

ನಾನು ಅನುಮಾನದಿಂದಲೇ ಬಾಯಿಗಿಟ್ಟೆ. ತಣ್ಣಗೆ, ಹದವಾದ ಸಿಹಿ, ಬೀಜ ಹಲ್ಲಿಗೆ ಕರುಂ ಎನ್ನುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ದುಡ್ಡು ಸುರಿದು ತರುತ್ತಿದ್ದ ಡ್ರ್ಯಾಗನ್ ಫ್ರೂಟಿನ ಸೋದರಸಂಬಂಧಿ ಎಂಬುದು ನಾಲಿಗೆಗೇ ತಿಳಿಯಿತು. ಅಷ್ಟು ವರ್ಷ ಮೈನಾಗಳಿಗೆ ಮೃಷ್ಟಾನ್ನ ಹಾಕಿ ನಾವು ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬಿ ಹೊತ್ತು ತರುತ್ತಿದ್ದೆವು.

ಅಂದಿನಿಂದ ಆ ಗಿಡ ನಮ್ಮ ಅಡುಗೆಮನೆಗೆ ಸೇರಿತು. ಉದ್ದ ಕೋಲಿನ ತುದಿಗೆ ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದೆ. ಹಣ್ಣಿನ ಮೈಯಲ್ಲಿ ಮುಳ್ಳಿರುವುದಿಲ್ಲ, ಮುಳ್ಳೆಲ್ಲ ಕಂಬಕ್ಕೆ. ಸಿಪ್ಪೆ ತುಸು ಬಿರಿಯುವವರೆಗೆ ಕಾದರೆ ಸಿಹಿ ಹೆಚ್ಚು, ಆದರೆ ಆಗ ಹಕ್ಕಿಗಳ ಜೊತೆ ಪೈಪೋಟಿ. ಪಾನಕ ಮಾಡಿದೆ. ಅರೆಹಣ್ಣಿಗೆ ಹುಣಸೆ, ಬೆಲ್ಲ, ಸಾಸಿವೆ ಹಾಕಿ ಗೊಜ್ಜು ಮಾಡಿದೆ. ಆಂಟಿ ಹೂಗಳನ್ನು ಒಣಗಿಸಿಟ್ಟು ಸೂಪಿಗೆ ಹಾಕುತ್ತಿದ್ದರು. ಅವರನ್ನು ನೋಡಿ ಎಳೆಯ ಕಂಬದ ತುಂಡೊಂದನ್ನು ಮುಳ್ಳು ಹೆರೆದು, ಸಿಪ್ಪೆ ತೆಗೆದು ಹುಳಿಗೆ ಹಾಕಿದೆ. ಬೆಂಡೆಕಾಯಿಗಿಂತ ಲೋಳೆ. ನನ್ನ ಗಂಡ ಒಂದು ತುತ್ತು ತಿಂದು ತಟ್ಟೆ ಸರಿಸಿದರು, ಆ ವಿಷಯದಲ್ಲಿ ಮಾತ್ರ ನಾನು ಅವರ ಪಕ್ಷ. ಕತ್ತರಿಸಿದ ತುಂಡುಗಳನ್ನು ಹಿತ್ತಲ ಬೇಲಿಯುದ್ದಕ್ಕೆ ಊರಿದೆ, ಕೋತಿಗಳ ಕಾಟ ಕಡಿಮೆಯಾಯಿತು.

ಎರಡು ಗಿಡ ಅಕ್ಕಪಕ್ಕ ಇರುವುದರಿಂದಲೇ ಹಣ್ಣು ಹಿಡಿಯುತ್ತದೆ, ಒಂಟಿ ಗಿಡ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ ಎಂದೂ ಆಂಟಿಯೇ ಹೇಳಿದ್ದು. ಅವರ ಮನೆಯವರ ನಂಬಿಕೆಯಲ್ಲಿ ಕಳ್ಳಿ ಬಾಗಿಲಲ್ಲಿದ್ದರೆ ಕೆಟ್ಟದ್ದು ಒಳಗೆ ಬರುವುದಿಲ್ಲ. ನಮ್ಮವರ ನಂಬಿಕೆಯಲ್ಲಿ ಅದೇ ಕಳ್ಳಿ ಬಾಗಿಲಲ್ಲಿದ್ದರೆ ಕೆಟ್ಟದ್ದೇ ಬರುತ್ತದೆ. ನಡುವೆ ಇದ್ದದ್ದು ಒಂದು ಗೋಡೆ. ಆಗ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

ನನ್ನ ನಾದಿನಿ, ಎಂದರೆ ನನ್ನ ಗಂಡನ ತಂಗಿ, ಇರುವುದು ಇಲ್ಲಿಂದ ಕಾರಿನಲ್ಲಿ ಗಂಟೆಯ ದಾರಿಯ ನಿಲಾಯ್‌ನಲ್ಲಿ. ಅವಳ ಗಂಡ ಅಲ್ಲಿಯ ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾನೆ. ಮೈಸೂರಿನಲ್ಲಿ ಅಮ್ಮನ ಸೆರಗು ಹಿಡಿದು ಬೆಳೆದ ಹುಡುಗಿ, ಮೆದು ಸ್ವಭಾವ. ಯಾರು ಏನು ಹೇಳಿದರೂ ಹೌದಿರಬಹುದು ಎಂದುಕೊಳ್ಳುವವಳು. ಮದುವೆಯಾಗಿ ಕೆಲವು ವರ್ಷ ಕಾದು ಬಸುರಾದಾಗ ನಮಗೆಲ್ಲ ಹಬ್ಬ. ಆದರೆ ಅವಳಿಗೆ ವಾಂತಿ ಹತ್ತಿಕೊಂಡಿತು. ಅನ್ನದ ವಾಸನೆ ಆಗದು, ಒಗ್ಗರಣೆ ಆಗದು, ಕೊನೆಗೆ ಗಂಡನ ಸೋಪಿನ ವಾಸನೆಯೂ ಆಗದು. ಗಂಡನಿಗೆ ಪರೀಕ್ಷೆಗಳ ಕಾಲ. “ನನ್ನ ಹತ್ರ ಬಂದು ಇರು” ಎಂದು ನಾನೇ ಕರೆದುಕೊಂಡು ಬಂದೆ.

ಮೈಸೂರಿನಿಂದ ಅತ್ತೆಯ ಫೋನು ದಿನವೂ. ಪರಂಗಿ ಹಣ್ಣು ಬೇಡ, ಅನಾನಸ್ ಬೇಡ, ಎಳ್ಳು ಬೇಡ, ಉಷ್ಣದ್ದು ಯಾವುದೂ ಬೇಡ. ನಾನು ಒಂದನ್ನೂ ಮೀರಲಿಲ್ಲ. ಅವಳಿಗೆ ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಅದೇ ನನ್ನ ಚಿಂತೆ. ಇಲ್ಲಿಯ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಬಿಸಿ ರೊಟ್ಟಿ ತಾಪಾವ್ ಮಾಡಿಸಿ, ಎಂದರೆ ಕಟ್ಟಿಸಿಕೊಂಡು ತಂದರೂ ಪೊಟ್ಟಣ ಬಿಚ್ಚುವ ಮೊದಲೇ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ನಾನು ಫ್ರಿಜ್ಜಿನಿಂದ ಕಳ್ಳಿ ಹಣ್ಣು ತೆಗೆದು ಹೆಚ್ಚುತ್ತಿದ್ದೆ. ಅವಳು ಬಂದು ಹತ್ತಿರ ನಿಂತಳು.

“ಅತ್ತಿಗೆ, ಇದಕ್ಕೆ ವಾಸನೇನೇ ಇಲ್ವಲ್ಲ.”

“ಇಲ್ಲ. ತಿಂತೀಯಾ?”

ಒಂದು ಹೋಳು ತಿಂದಳು. ಸ್ವಲ್ಪ ಹೊತ್ತು ಕಾದೆವು. ಹೊಟ್ಟೆಯಲ್ಲೇ ನಿಂತಿತು. ಇನ್ನೊಂದು ತಿಂದಳು. ಅಂದು ಅವಳ ಮುಖದಲ್ಲಿ ನಗು ನೋಡಿ ನನಗೆ ಜೀವ ಬಂತು. ಆಮೇಲೆ ಅದೇ ದಾರಿಯಾಯಿತು. ಮೊದಲು ತಣ್ಣನೆಯ ಹಣ್ಣು, ಅದು ನಿಂತರೆ ಹಿಂದೆಯೇ ಎರಡು ತುತ್ತು ಮೊಸರನ್ನ. ನಾನು ಹಕ್ಕಿಗಳ ಜೊತೆ ಜಿದ್ದಿಗೆ ಬಿದ್ದು ಹಣ್ಣು ಕೀಳುತ್ತಿದ್ದೆ. ಪಕ್ಕದ ಆಂಟಿಯೂ ತಮ್ಮ ಪಾಲಿನದನ್ನೆಲ್ಲ ಗೋಡೆಯ ಮೇಲಿಂದ ಕೊಡುತ್ತಿದ್ದರು.

ಅತ್ತೆ ಇದನ್ನು ನೋಡಿದ್ದರು. ವಿಡಿಯೊ ಕಾಲಿನಲ್ಲಿ ಮಗಳ ಕೈಯಲ್ಲಿದ್ದ ತಟ್ಟೆ ನೋಡಿ, “ಡ್ರ್ಯಾಗನ್ ಫ್ರೂಟಾ? ತಿನ್ನಲಿ ತಿನ್ನಲಿ, ತಂಪು. ಇಲ್ಲೂ ಮಾರ್ಕೆಟ್ಟಲ್ಲಿ ಬರುತ್ತೆ, ತುಂಬಾ ಒಳ್ಳೇದಂತೆ” ಎಂದಿದ್ದರು. “ಅದೇ ತರದ್ದು ಅಮ್ಮ, ಅತ್ತಿಗೆ ಮನೇದು” ಎಂದು ಇವಳು ಹೇಳಿದ್ದಳು. ಅತ್ತೆ ಮತ್ತೇನೂ ಕೇಳಲಿಲ್ಲ. ಈ ಮಾತುಕತೆ ನಡೆದದ್ದು ನನ್ನ ಎದುರಿಗೇ. ಮುಂದೆ ಅದನ್ನು ನೆನಪಿಸಿದಾಗ ಅತ್ತೆ ನನ್ನನ್ನು ಸುಳ್ಳುಬುರುಕಿ ಎನ್ನುವಂತೆ ನೋಡಿದರು.

ಮೂರನೆಯ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಆ ದಿನದ ವಿವರ ಬರೆಯಲಾರೆ, ಅದು ಅವಳದು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಂದು ಹಾಸಿಗೆಯ ಅಂಚಿಗೆ ಕೂತು, ಅವಳ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ. ಮೊದಲ ತಿಂಗಳುಗಳಲ್ಲಿ ಹೀಗಾಗುವುದು ಅಪರೂಪವಲ್ಲ. ಮಗು ಮೊದಲಿನಿಂದಲೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ನೀನು ತಿಂದದ್ದರಿಂದಲ್ಲ, ನಡೆದದ್ದರಿಂದಲ್ಲ, ನೀನು ಮಾಡಿದ ಯಾವುದರಿಂದಲೂ ಅಲ್ಲ. ತಿಂದ ಹಣ್ಣು, ತರಕಾರಿ ಎಲ್ಲವನ್ನೂ, ಈ ಕಳ್ಳಿ ಹಣ್ಣನ್ನೂ ಸೇರಿಸಿ ನಾನು ಬಾಯಿಬಿಟ್ಟು ಕೇಳಿದೆ. ಡಾಕ್ಟರಮ್ಮ ತಲೆಯಾಡಿಸಿ, “ನೋ, ನೋ. ಫ್ರೂಟ್ ಈಸ್ ಫೈನ್” ಎಂದರು. ನನ್ನ ಗಂಡ ಅಲ್ಲೇ ನಿಂತಿದ್ದರು. ನಾದಿನಿಯ ಗಂಡನೂ ಇದ್ದ. ಎಲ್ಲರೂ ಕೇಳಿಸಿಕೊಂಡರು.

ವಾರದೊಳಗೆ ಅತ್ತೆ ಬಂದಿಳಿದರು. ಮಗಳನ್ನು ತಬ್ಬಿಕೊಂಡು ಅತ್ತರು, ನಾವೆಲ್ಲ ಅತ್ತೆವು. ಅಲ್ಲಿಯವರೆಗೆ ನನಗೆ ಅತ್ತೆಯ ಮೇಲೆ ಸಿಟ್ಟಿಲ್ಲ. ಮಗಳ ಕಷ್ಟಕ್ಕೆ ಓಡಿಬಂದ ತಾಯಿ ಅವರು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಹೂ ಕೀಳಲು ಬುಟ್ಟಿ ಹಿಡಿದು ಹೊರಗೆ ಹೋದರು. ನಾದಿನಿಯೂ ಗಾಳಿಗೆಂದು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ.

“ಇದೇನೇ ಇದು, ಕಳ್ಳೀಲಿ ಇಷ್ಟು ಕೆಂಪು ಕಾಯಿ ಬಿಟ್ಟಿದೆ!” ಎಂದರು ಅತ್ತೆ.

“ಅದೇ ಅಮ್ಮ, ನಾನು ದಿನಾ ತಿಂತಿದ್ದೆನಲ್ಲ, ಆ ಹಣ್ಣು,” ಎಂದಳು ನಾದಿನಿ.

ಅತ್ತೆ ತಿರುಗಿ ನೋಡಿದರು. ಮಗಳನ್ನಲ್ಲ, ನನ್ನನ್ನು. “ಬಸುರಿಗೆ ಕಳ್ಳಿ ತಿನ್ನಿಸಿದ್ಯಾ?”

ಇಷ್ಟೇ. ಇಷ್ಟರಿಂದ ಶುರುವಾಯಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ತಂಪು, ಗಿಡದಲ್ಲಿದ್ದರೆ ವಿಷ. ಬಸುರಿ ಏನು ತಿನ್ನಬಾರದು ಎಂದು ಫೋನಿನಲ್ಲಿ ಅಷ್ಟೆಲ್ಲ ಹೇಳಿದವರು ಕಳ್ಳಿಯ ಹೆಸರನ್ನು ಎತ್ತಿದ್ದೇ ಇಲ್ಲ, ಏಕೆಂದರೆ ಅದನ್ನು ತಿನ್ನಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಆದದ್ದೆಲ್ಲ ಆದ ಮೇಲೆ ಅದನ್ನೂ ಸೇರಿಸಿಕೊಂಡು, ಮೊದಲಿಂದಲೂ ಗೊತ್ತಿದ್ದವರ ಹಾಗೆ ಮಾತಾಡತೊಡಗಿದರು. ಹಳ್ಳಿಗಳಲ್ಲಿ ಕಳ್ಳಿಹಾಲನ್ನು ಎಂಥೆಂಥ ಪಾಪಕ್ಕೆ ಬಳಸುತ್ತಿದ್ದರು ಎಂಬ ಕಥೆಗಳು ಹೊರಬಂದವು. ಅವನ್ನು ಹೇಳಿದ್ದು ನಡುಮನೆಯಲ್ಲಿ, ಮಗಳು ಮಲಗಿದ್ದ ಕೋಣೆಗೆ ಕೇಳುವ ಹಾಗೆ. ಮೈಸೂರಿಗೆ ಫೋನುಗಳು ಹೋದವು. ಅಲ್ಲಿಂದ ಮತ್ತಷ್ಟು ಕಥೆಗಳು ಬಂದವು. ನೋಡಲು ಬಂದ ಇಲ್ಲಿಯ ಹೆಂಗಸರೂ ಹಾರ್ಲಿಕ್ಸ್ ಬಾಟಲಿ ಟೇಬಲ್ಲಿನ ಮೇಲಿಟ್ಟು, ಹುಬ್ಬೇರಿಸಿ, “ನಾವು ಅವತ್ತೇ ಹೇಳಿದ್ವಿ, ಆ ಗಿಡ ಬೇಡ ಅಂತ” ಎಂದರು. ಅವರು ಅವತ್ತು ಹೇಳಿದ್ದು ವಾಸ್ತು, ಅತ್ತೆ ಈಗ ಹೇಳುತ್ತಿರುವುದು ವಿಷ. ಎರಡಕ್ಕೂ ಸಂಬಂಧವಿಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ, ನನ್ನ ಚರ್ಮ ದಪ್ಪ. ಒಳಗೆ ಮಲಗಿದ್ದವಳ ಚರ್ಮ ದಪ್ಪವಲ್ಲ.

ಒಂದು ಸಂಜೆ ಅವಳಿಗೆ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದಳು. “ಅತ್ತಿಗೆ, ನಾನು ಒಂದೊಂದು ದಿನ ಜಾಸ್ತಿ ತಿಂತಿದ್ದೆ ಅಲ್ವಾ?”

“ಏನನ್ನ?”

“ಆ ಹಣ್ಣು.”

ನಾನು ಬಾಚಣಿಗೆ ಕೆಳಗಿಟ್ಟು ಅವಳ ಮುಖ ತಿರುಗಿಸಿಕೊಂಡೆ. ಡಾಕ್ಟರು ಹೇಳಿದ ಮಾತನ್ನೆಲ್ಲ ಮೊದಲಿಂದ ಮತ್ತೆ ಹೇಳಿದೆ. ಅವಳು ತಲೆಯಾಡಿಸಿದಳು. ಮಾರನೆಯ ದಿನ ಅದೇ ಪ್ರಶ್ನೆಯನ್ನು ಬೇರೆ ರೀತಿ ಕೇಳಿದಳು. ಸಿಪ್ಪೆಯ ಹತ್ತಿರದ ಭಾಗ ತಿನ್ನಬಾರದಿತ್ತೇನೋ ಎಂದಳು. ಬೀಜ ಜಗಿಯಬಾರದಿತ್ತೇನೋ ಎಂದಳು. ಆಗ ನನಗೆ ನಿಜವಾಗಿ ಭಯವಾಯಿತು. ಈ ಹುಡುಗಿ ತನ್ನ ಮಗುವನ್ನು ತಾನೇ ಕೊಂದೆ ಎಂದುಕೊಳ್ಳುವ ದಾರಿಯಲ್ಲಿದ್ದಳು. ಮನೆ ತುಂಬ ಅವಳನ್ನು ಪ್ರೀತಿಸುವವರೇ ಇದ್ದು, ಎಲ್ಲರೂ ಸೇರಿ ಆ ಕಡೆಗೇ ನೂಕುತ್ತಿದ್ದರು.

ನಾನು ಸುಮ್ಮನಿರಲಿಲ್ಲ. ಚಾಕು ತೆಗೆದುಕೊಂಡು ಹೊರಗೆ ಹೋಗಿ, ಕಂಬದ ತುದಿಯೊಂದನ್ನು ಕತ್ತರಿಸಿ ತಂದು ಊಟದ ಟೇಬಲ್ಲಿನ ಮೇಲೆ ಎಲ್ಲರ ಎದುರಿಗೆ ಸೀಳಿದೆ. ಒಳಗೆ ಹಸಿರು ಲೋಳೆ, ಬರೀ ನೀರು.

“ನೋಡಿ ಅತ್ತೆ. ಹಾಲಿದೆಯಾ? ನಮ್ಮೂರ ಬೇಲಿಯ ಕಳ್ಳಿಯೇ ಬೇರೆ, ಇದೇ ಬೇರೆ. ಇದು ನಿಮ್ಮ ಡ್ರ್ಯಾಗನ್ ಫ್ರೂಟಿನ ಜಾತಿ.”

ಅತ್ತೆ ನೋಡಿದರು. “ಹಾಲಿಲ್ಲ ಅಂದಮಾತ್ರಕ್ಕೆ ವಿಷ ಇಲ್ಲ ಅಂತಾನಾ?” ಎಂದರು.

ಹಣ್ಣೊಂದನ್ನು ಅಲ್ಲೇ ಸಿಪ್ಪೆ ಬಿಡಿಸಿ ಬೀಜ ಸಮೇತ ತಿಂದೆ. “ನಿನಗೇನಾಗುತ್ತೆ, ನೀನೇನು ಬಸುರಿಯಾ?” ಎಂದರು. ಡಾಕ್ಟರು ಹೇಳಿದ್ದಾರಲ್ಲ ಎಂದೆ. “ಡಾಕ್ಟರು ಇನ್ನೇನು ಹೇಳ್ತಾರೆ? ಸಮಾಧಾನಕ್ಕೆ ಹಾಗೆ ಹೇಳ್ಲೇಬೇಕು” ಎಂದರು. ಯಾವ ಕಡೆಯಿಂದ ಹೋದರೂ ಬಾಗಿಲು ಹಾಕಿತ್ತು. ಅಷ್ಟರಲ್ಲಿ ನನ್ನ ಗಂಡ ಎದ್ದು ಬಂದು ಕಳ್ಳಿಯ ತುಂಡನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದರು. “ಬಿಡೇ, ದೊಡ್ಡವರು. ವಾದ ಯಾಕೆ ಮಾಡ್ತೀಯಾ?”

ನನ್ನ ಗಂಡ ಒಳ್ಳೆಯವರು. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ದಿನಾ ಪುತ್ರಜಯಾದ ಆ ಅಗಲದ ರಸ್ತೆಗಳಲ್ಲಿ ಕಾರು ಓಡಿಸಿಕೊಂಡು ಆಫೀಸಿಗೆ ಹೋಗಿಬರುವ ಮನುಷ್ಯ, ಇಷ್ಟು ವರ್ಷದಲ್ಲಿ ಒಂದು ಸಲ ಯಾರಿಗೂ ಹಾರ್ನ್ ಹೊಡೆದವರಲ್ಲ. ಮನೆಯಲ್ಲೂ ಹಾಗೆಯೇ. ಎದುರಿಗೆ ಯಾರು ತಪ್ಪು ದಾರಿಯಲ್ಲಿ ಬಂದರೂ ತಾವು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಈ ಸಲ ಅವರ ತಂಗಿ ನಿಂತಿದ್ದಳು.

ಅವರನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ. “ನನಗೇನೂ ಬೇಡ. ನಿಮ್ಮಮ್ಮ ನನ್ನನ್ನ ಬೈಕೊಳ್ಳಲಿ. ನೀವು ಒಂದು ಕೆಲಸ ಮಾಡಿ. ಅಮ್ಮನ ಎದುರಿಗೆ ತಂಗೀನ ಕೂರಿಸಿಕೊಂಡು ನಿಮ್ಮ ಬಾಯಿಂದ ಹೇಳಿ, ಇದು ಹಣ್ಣಿಂದ ಆಗಿದ್ದಲ್ಲ ಅಂತ. ನಾನು ಹೇಳಿದ್ರೆ ಅವಳು ನಂಬಲ್ಲ. ನನ್ನನ್ನ ನಾನು ಬಚಾವ್ ಮಾಡ್ಕೊಳ್ತಿದೀನಿ ಅನ್ಸುತ್ತೆ. ಅಣ್ಣ ಹೇಳಿದ್ರೆ ನಂಬ್ತಾಳೆ.”

“ಹೇಳ್ತೀನಿ,” ಎಂದರು. “ಸಮಯ ನೋಡಿ ಹೇಳ್ತೀನಿ.”

“ಸಮಯ ಇದೇ ಕಣ್ರೀ.”

“ಹೇಳ್ತೀನಿ ಅಂದೆನಲ್ಲ.”

ನಾನು ನಂಬಿದೆ. ಮಾತು ಕೊಟ್ಟರೆ ತಪ್ಪುವವರಲ್ಲ ಎಂದು ನಂಬಿದೆ.

ಅದಾದ ಕೆಲವು ದಿನಕ್ಕೆ ಅವಳನ್ನು ಮರುಪರೀಕ್ಷೆಗೆ ಕರೆದುಕೊಂಡು ಹೋಗಬೇಕಿತ್ತು. ನನ್ನ ಗಂಡ ರಜೆ ಹಾಕಿದ್ದರು. ಬರುತ್ತೀರಾ ಎಂದರೆ, ಮನೆಯಲ್ಲಿ ಸ್ವಲ್ಪ ಕೆಲಸ ಇದೆ, ನೀವಿಬ್ಬರೂ ಹೋಗಿ ಬನ್ನಿ ಎಂದರು. ಹೋದೆವು. ಎಲ್ಲ ಸರಿಯಾಗಿದೆ, ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಬಹುದು ಎಂದು ಡಾಕ್ಟರಮ್ಮ ಹೇಳಿದರು. ಬರುವಾಗ ದಾರಿಯಲ್ಲಿ ಮಾಮಕ್ ಅಂಗಡಿಯಲ್ಲಿ ಕೂತು ಟೀ ಕುಡಿದೆವು. ಬಹಳ ದಿನಗಳ ಮೇಲೆ ಅವಳು ಒಂದು ಇಡೀ ರೊಟ್ಟಿ ತಿಂದಳು. ಡಾಕ್ಟರಮ್ಮನ ಮಾತನ್ನು ತಾನಾಗಿಯೇ ಎತ್ತಿ, “ನಿಜವಾಗಲೂ ನನ್ನಿಂದ ಏನೂ ಆಗಿಲ್ಲ ಅಂತಾರಲ್ಲ ಅತ್ತಿಗೆ” ಎಂದಳು. ಮೊದಲ ಸಲ ಅದು ಪ್ರಶ್ನೆಯಾಗಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ದಡ ಹತ್ತಿದೆವು ಎಂದುಕೊಂಡೆ.

ನಮ್ಮ ಬೀದಿಗೆ ತಿರುಗುವಾಗಲೇ ಕಂಡಿತು. ಮನೆಯ ಮುಂದೆ ರಸ್ತೆಯ ಬದಿಯಲ್ಲಿ ಹಸಿರು ತುಂಡುಗಳ ರಾಶಿ. ಕೂಲಿಯವರಿಬ್ಬರು ದಪ್ಪ ಕೈಗವಸು ಹಾಕಿಕೊಂಡು ಲಾರಿಗೆ ಎಸೆಯುತ್ತಿದ್ದರು. ಬುಡವನ್ನೂ ಅಗೆದು ತೆಗೆದಿದ್ದರು. ಹಣ್ಣುಗಳು ಸಿಮೆಂಟಿನ ಮೇಲೆ ಒಡೆದು ಬಿದ್ದಿದ್ದವು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಗಂಡ ಪೈಪು ಹಿಡಿದು ನೆಲ ತೊಳೆಯುತ್ತಿದ್ದರು.

ನಾನು ಕಾರು ರಸ್ತೆಯಲ್ಲೇ ನಿಲ್ಲಿಸಿದೆ. ನಾದಿನಿ ಇಳಿದಳು. ರಾಶಿಯನ್ನು ನೋಡುತ್ತ ನಿಂತಳು. ಅವಳ ಅಣ್ಣ ಪೈಪು ಕೆಳಗಿಟ್ಟು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅಷ್ಟು ಅಕ್ಕರೆಯಿಂದ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ.

“ಕಡಿಸಿಬಿಟ್ಟೆ ಪುಟ್ಟಿ. ಇನ್ನು ಹೆದರಬೇಡ. ಮುಂದಿನ ಸಲ ಏನೂ ಆಗಲ್ಲ.”

ಅವಳು ಅಣ್ಣನ ಎದೆಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತಳು. ಅಳುತ್ತಲೇ, “ಥ್ಯಾಂಕ್ಸ್ ಅಣ್ಣ” ಎಂದಳು.

ಆ ಕ್ಷಣ ನಾನು ಕೂಗಾಡಲಿಲ್ಲ. ಕೂಲಿಯವರು ಹೋಗಲಿ, ಅವಳು ಒಳಗೆ ಹೋಗಿ ಮಲಗಲಿ ಎಂದು ಕಾದೆ. ಆಮೇಲೆ ಅಡುಗೆಮನೆಯಲ್ಲಿ ಆಡಿದ ಮಾತುಗಳನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ.

“ಏನು ಹೇಳ್ತೀನಿ ಅಂದಿದ್ರಿ, ಏನು ಮಾಡಿದ್ರಿ?”

“ಅವಳಿಗೆ ಸಮಾಧಾನ ಆಗಲಿ ಅಂತ ಮಾಡಿದೆ. ಅಮ್ಮನಿಗೂ ನೆಮ್ಮದಿ. ಒಂದು ಗಿಡ ತಾನೆ, ಬೇಕಾದ್ರೆ ಇನ್ನೊಂದು ತರೋಣ.”

“ಗಿಡಕ್ಕಲ್ಲ ರೀ ನಾನು ಕೂಗ್ತಿರೋದು! ಹಣ್ಣಿಂದ ಆಗಿಲ್ಲ ಅಂದ್ರೆ ಗಿಡ ಯಾಕೆ ಕಡಿಸಬೇಕಿತ್ತು? ಅವಳೇನು ದಡ್ಡಿಯಾ, ಅಷ್ಟು ಗೊತ್ತಾಗಲ್ವಾ? ಹೌದು ತಾಯಿ, ನಿನ್ನಿಂದಲೇ ಆಯ್ತು ಅಂತ ನೀವು ಬಾಯಿಬಿಟ್ಟು ಹೇಳಿದ್ದಿದ್ರೂ ಇಷ್ಟು ಗಟ್ಟಿಯಾಗಿ ಕೂರ್ತಿರಲಿಲ್ಲ.”

ಅವರು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. ಮುಳ್ಳು ಚುಚ್ಚಿ ಬೆರಳು ಕೆಂಪಾಗಿತ್ತು. “ನೀನು ಎಲ್ಲಾನೂ ದೊಡ್ಡದು ಮಾಡ್ತೀಯಾ” ಎಂದರು. ಅತ್ತೆ ನಡುಮನೆಯಿಂದ, “ಇನ್ನಾದ್ರೂ ಮನೆ ಶಾಂತಿಯಾಗಿರಲಿ ಅಂದ್ರೆ ಇವಳು ಬಿಡಬೇಕಲ್ಲ” ಎಂದರು. ನಾನು ಅಂದಿನಿಂದ ಅತ್ತೆ ಊರಿಗೆ ಹೊರಡುವವರೆಗೂ ಅವರಿಗೆ ಊಟ ಬಡಿಸಿದೆ, ಮಾತ್ರೆ ಕೊಟ್ಟೆ, ಮಾತಾಡಲಿಲ್ಲ. ಯಾರೂ ನನ್ನನ್ನು ಮಾತಾಡಿಸಲು ಬಹಳ ಪ್ರಯತ್ನವನ್ನೂ ಮಾಡಲಿಲ್ಲ.

ಗೋಡೆಯ ಆ ಕಡೆಯ ಆಂಟಿ ಮಾತ್ರ ಮಾರನೆಯ ದಿನವೇ ಕೇಳಿದರು. “ಅಯ್ಯೋ, ವೈ ಯು ಕಟ್? ಸೋ ಬಿಗ್ ಆಲ್ರೆಡಿ.” ಅಯ್ಯೋ ಎನ್ನುವುದನ್ನು ಅವರೂ ನಮ್ಮ ಹಾಗೆಯೇ ಹೇಳುತ್ತಾರೆ. ಏನು ಹೇಳಲಿ? ಒಬ್ಬ ಹೆಣ್ಣುಮಗಳ ತಲೆಯೊಳಗೆ ಒಂದು ಸುಳ್ಳನ್ನು ನೆಡಲು ನಿಜವಾದ ಗಿಡವೊಂದನ್ನು ಕಿತ್ತೆವು ಎನ್ನಲೇ? ನನ್ನ ಇಂಗ್ಲಿಷು ಅಷ್ಟು ದೂರ ಹೋಗುವುದಿಲ್ಲ. ಅತ್ತೆಗೆ ಇಷ್ಟವಿರಲಿಲ್ಲ ಎಂದೆ. ಅವರು ನಾಲಿಗೆ ಲೊಚಗುಟ್ಟಿದರು. ಮುಂದಿನ ಸಲ ಅವರ ಕಳ್ಳಿ ಮೈತುಂಬ ಹೂ ಬಿಟ್ಟಿತು, ಒಂದೂ ಕಾಯಿ ಕಚ್ಚಲಿಲ್ಲ. ಹಿತ್ತಲಲ್ಲಿ ನಾನು ಊರಿದ್ದ ತುಂಡುಗಳನ್ನೂ ಹುಡುಕಿ ಕಿತ್ತಿದ್ದರು. ಶಾಂತಿಪ್ರಿಯರ ಕೆಲಸ ಬಹಳ ಅಚ್ಚುಕಟ್ಟು.

ನಾದಿನಿ ನಿಲಾಯ್‌ಗೆ ಹಿಂದಿರುಗಿದಳು. ಮುಂದೆ ಬಸುರಾದಳು. ಈ ಸಲ ನನ್ನ ಮನೆಗೆ ಬರಲಿಲ್ಲ, ಅತ್ತೆಯೇ ಮೊದಲಿನಿಂದ ಬಂದು ಅಲ್ಲಿ ಉಳಿದರು. ನಾನು ಹಣ್ಣು ತೆಗೆದುಕೊಂಡು ಹೋದರೆ ಅಂಗಡಿಯ ಚೀಟಿ ಅಂಟಿದ್ದ ಸೇಬನ್ನು ಮಾತ್ರ ತೊಳೆದು ಕೊಡುತ್ತಿದ್ದರು. ನಾನು ನೋಡಿಯೂ ನೋಡದಂತೆ ಇದ್ದೆ, ಏಕೆಂದರೆ ಆ ಒಂಬತ್ತು ತಿಂಗಳು ನನಗೂ ಬೇಕಾಗಿದ್ದದ್ದು ಅವಳ ಮಗು ಒಂದೇ. ಹೆಣ್ಣುಮಗು ಹುಟ್ಟಿತು. ಕಪ್ಪು ಕೂದಲು, ಗಟ್ಟಿ ಗಂಟಲು. ಮೊದಲ ಸಲ ಎತ್ತಿಕೊಂಡಾಗ ಸಿಟ್ಟೆಲ್ಲ ಇಳಿಯಿತು ಎಂದುಕೊಂಡಿದ್ದೆ.

ತೊಟ್ಟಿಲಿಗೆ ಹಾಕುವ ದಿನ ನಿಲಾಯ್‌ನ ಅವರ ಮನೆಯ ತುಂಬ ಜನ. ಸುಬಾಂಗ್‌ನಿಂದ ಅದೇ ಹೆಂಗಸರೆಲ್ಲ ಬಂದಿದ್ದರು. ಅತ್ತೆ ಮೊಮ್ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು. “ಆ ದರಿದ್ರ ಕಳ್ಳಿ ಹೋಯ್ತು ನೋಡಿ, ಮನೆಗೆ ಲಕ್ಷ್ಮಿ ಬಂದಳು. ನನ್ನ ಮಗ ಅವತ್ತು ಕಡಿಸಿದ್ದಕ್ಕೇ ಇವತ್ತು ಈ ಮುಖ ನೋಡ್ತಿದೀವಿ.” ಹೆಂಗಸರು ಹೌದು ಹೌದು ಎಂದರು. ನನ್ನ ಗಂಡ ಸಂಕೋಚದಿಂದ ನಕ್ಕರು. ಅಲ್ಲ ಎನ್ನಲಿಲ್ಲ. ಇಳಿದಿದ್ದ ಸಿಟ್ಟು ಕಾಲಿನಿಂದ ತಲೆಗೇರಿತು. ಆರೋಗ್ಯವಾಗಿ ಹುಟ್ಟಿದ ಈ ಕೂಸನ್ನೇ ತಂದು, ಹುಟ್ಟದೆ ಹೋದ ಕೂಸಿನ ಮೇಲೆ ಸಾಕ್ಷಿಯಾಗಿ ನಿಲ್ಲಿಸಿದ್ದರು. ಇನ್ನು ಯಾವ ಡಾಕ್ಟರು ಬಂದು ಹೇಳಿದರೂ ಯಾರೂ ಕೇಳುವುದಿಲ್ಲ. ಶುಭಕಾರ್ಯದಲ್ಲಿ ಬಾಯಿ ತೆಗೆಯಬಾರದೆಂದು ನಾನು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದೆ.

ನಾದಿನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಬಂದಳು.

“ಅತ್ತಿಗೆ, ಅಮ್ಮನ ಮಾತಿಗೆ ಬೇಜಾರ್ ಮಾಡ್ಕೋಬೇಡಿ.”

“ನನಗೆ ಬೇಜಾರಿಲ್ಲ ಕಣೆ. ಆದರೆ ಅದು ಹಣ್ಣಿಂದ ಆಗಿದ್ದಲ್ಲ. ಡಾಕ್ಟರು ಹೇಳಿದ್ದನ್ನ ನೀನೂ ಕೇಳಿದೀಯ.”

“ಹೂಂ,” ಎಂದಳು. ಮನೆಯ ಹಿರಿಯರ ಮನಸ್ಸು ನೋಯದಿರಲಿ ಎಂದು ಹೇಳುವ ಹೂಂ ಅದು. ಬಿಡುವಾಗಿದ್ದ ಕೈಯಿಂದ ನನ್ನ ಒದ್ದೆ ಕೈಯನ್ನು ಹಿಡಿದುಕೊಂಡಳು. ಅವಳ ಮುಖದಲ್ಲಿ ದುಃಖವೂ ಇರಲಿಲ್ಲ, ಅನುಮಾನವೂ ಇರಲಿಲ್ಲ.

“ನಾನು ನಿಮ್ಮನ್ನ ಯಾವತ್ತೂ ಬೈಕೊಂಡಿಲ್ಲ ಅತ್ತಿಗೆ, ದೇವರಾಣೆ. ನೀವು ಒಳ್ಳೇದಕ್ಕೇ ಅಂತ ಕೊಟ್ರಿ. ತಿಂದಿದ್ದು ನಾನೇ ಅಲ್ವಾ?”